ಡೊನೇಷನ್ ಕೋಣೆಯಿಂದ ಸಿಇಟಿ ಹಾಲಿಗೆ

ದ್ವಿತೀಯ ಪಿಯುಸಿ ಓದುವ ಮಕ್ಕಳಿರುವ ಮನೆಯಲ್ಲಿ ಸಿಇಟಿಗೆ ಹಿಡಿಶಾಪ ತಪ್ಪಿದ್ದಲ್ಲ. ಆದರೆ ಈ ಪರೀಕ್ಷೆಯ ಬೇರು ಕೆದಕಿದರೆ ಸಿಗುವುದು ಡೊನೇಷನ್ ಹಾವಳಿ.

ಖಾಸಗಿ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳು ರಾಜ್ಯದಲ್ಲಿ ಸಾಲುಗಟ್ಟಿದಾಗ ಸೀಟಿನ ಬೆಲೆ ಕುದುರುತ್ತಿದ್ದುದು ಆಡಳಿತ ಮಂಡಳಿಯ ಕೋಣೆಯಲ್ಲಿ. 1984ರಲ್ಲಿ ಕ್ಯಾಪಿಟೇಷನ್ (ಅಂದರೆ ಡೊನೇಷನ್) ನಿಷೇಧ ಕಾಯ್ದೆ ಬಂತು. ಅದರಡಿ 1989ರಲ್ಲಿ ಹೊರಟ ಅಧಿಸೂಚನೆಯಂತೂ ವಿಚಿತ್ರ: ಖಾಸಗಿ ಮೆಡಿಕಲ್ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000! ತುಮಕೂರಿನ ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದ ಉತ್ತರಪ್ರದೇಶದ ಮೋಹಿನಿ ಜೈನ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಇದೂ ಕ್ಯಾಪಿಟೇಷನ್ನೇ ಎಂದು 1992ರಲ್ಲಿ ತೀರ್ಪಾಯಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಕೋರ್ಟು ಅರ್ಧ ಸೀಟು ‘ಫ್ರೀ’, ಅರ್ಧ ‘ಪೇಮೆಂಟ್’ ಎಂದು ಹಂಚಿ, ಎರಡಕ್ಕೂ ಮೆರಿಟ್ಟೇ ಆಧಾರ ಎಂದಿತು. ಹಾಗಾದರೆ ಎಲ್ಲರಿಗೂ ಒಂದೇ ಅಳತೆಗೋಲು ಬೇಕಲ್ಲ? 1994ರಲ್ಲಿ ಸಿಇಟಿ ಸೆಲ್ ಹುಟ್ಟಿತು.

ಮಲ್ಲೇಶ್ವರದ ಹದಿನೆಂಟನೇ ಕ್ರಾಸ್ ಎಂದರೆ ಆ ಕಾಲದ ಅಪ್ಪಂದಿರಿಗೆ ಈಗಲೂ ಸಿಇಟಿ ಸೀಟು ಹಂಚುವ ಕೌನ್ಸೆಲಿಂಗೇ ನೆನಪಾಗುವುದು. ರ‍್ಯಾಂಕ್ ಪ್ರಕಾರ ಕರೆ. ಕಂಕುಳಲ್ಲಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಡಿ.ಡಿ. ತುಂಬಿದ ಫೈಲು. ಕಣ್ಣೆದುರಿನ ಕಂಪ್ಯೂಟರ್ ಪರದೆಯಲ್ಲಿ ಕಾಲೇಜು, ಕೋರ್ಸು, ಉಳಿದ ಸೀಟು. ಮುಂದಿನವರು ಎದ್ದುಹೋಗುವಷ್ಟರಲ್ಲಿ ಕಂಪ್ಯೂಟರ್ ಸೈನ್ಸ್ ಕಾಲಮ್ಮು ಸೊನ್ನೆ. ಬೆಂಗಳೂರಲ್ಲಿ ಮೆಕ್ಯಾನಿಕಲ್ಲೋ, ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸೋ? ಅಲ್ಲೇ ನಿಂತು ಹೇಳಬೇಕಿತ್ತು. ಪರೀಕ್ಷೆಗಿಂತಲೂ ಎಲ್ಲರಿಗೂ ಕಾಣುವ ಆ ಪರದೆಯೇ ಸಿಇಟಿಯ ದೊಡ್ಡ ಸಾಧನೆ ಎಂದು ನನಗನಿಸುತ್ತದೆ. ಕೋಣೆಯ ವ್ಯವಹಾರ ಹಾಲಿಗೆ ಬಂತು.

ಅದಕ್ಕೆ ತೆತ್ತ ಬೆಲೆ ಮಕ್ಕಳ ಎದೆಬಡಿತ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ನೆಗೆಟಿವ್ ಅಂಕ ಇಲ್ಲದ್ದರಿಂದ ಕೊನೆಯ ಬೆಲ್ ಹೊಡೆಯುವ ಮುನ್ನ ಉಳಿದ ವೃತ್ತಗಳಿಗೆಲ್ಲ ಕಣ್ಣುಮುಚ್ಚಿ ಪೆನ್ನು ತಿದ್ದುವವರೇ ಹೆಚ್ಚು. ಓಎಂಆರ್ ಹಾಳೆಯಲ್ಲಿ ವರ್ಷನ್ ಕೋಡ್ ಸರಿಯಾಗಿ ತುಂಬಿದೆನೋ ಇಲ್ಲವೋ ಎಂಬ ಅನುಮಾನ ಮನೆವರೆಗೂ ಹಿಂಬಾಲಿಸುತ್ತದೆ. 2024ರಲ್ಲಿ ಪಠ್ಯದಲ್ಲೇ ಇಲ್ಲದ ಹತ್ತಾರು ಪ್ರಶ್ನೆಗಳು ಬಂದು, ಗಲಾಟೆಯಾಗಿ, ಅವನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು.

ವ್ಯವಸ್ಥೆಯೂ ಇಡಿಯಾಗಿ ಉಳಿಯಲಿಲ್ಲ. 2002ರ ಟಿ.ಎಂ.ಎ. ಪೈ ತೀರ್ಪು ಉನ್ನಿಕೃಷ್ಣನ್ ಸೂತ್ರವನ್ನು ಬದಿಗೆ ಸರಿಸಿತು. 2004ರಲ್ಲಿ ಖಾಸಗಿ ಕಾಲೇಜುಗಳು ತಮ್ಮದೇ ಕಾಮೆಡ್‌-ಕೆ ಪರೀಕ್ಷೆ ಶುರುಮಾಡಿದವು. 2017ರ ಹೊತ್ತಿಗೆ ಮೆಡಿಕಲ್ ಪೂರ್ತಿ ನೀಟ್ ಪಾಲಾಯಿತು.

ಹಣವೂ ಸುಮ್ಮನಿರಲಿಲ್ಲ. 2024ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಸೀಟ್ ಬ್ಲಾಕಿಂಗ್ ಪ್ರಕರಣದಲ್ಲಿ ಹಲವರನ್ನು ಬಂಧಿಸಿದರು. ಸೇರುವ ಮನಸ್ಸಿಲ್ಲದ ರ‍್ಯಾಂಕಿನವರ ಹೆಸರಲ್ಲಿ ಬೇಡಿಕೆಯ ಸೀಟು ಹಿಡಿಯುವುದು, ಕೊನೆಯ ಸುತ್ತು ಮುಗಿದ ಮೇಲೆ ಖಾಲಿಬಿದ್ದ ಆ ಸೀಟನ್ನು ಆಡಳಿತ ಮಂಡಳಿಯ ಕೋಟಾದಲ್ಲಿ ಮಾರುವುದು. ಆರೋಪ ಅದು.