ಮಲ್ಟಿಪಲ್ ಸ್ಕ್ಲೆರೋಸಿಸ್: ಬಳಲಿಕೆಯ ನಿರ್ವಹಣೆಯಲ್ಲಿ ಆಹಾರದ ಪಾತ್ರ

(ರಾಜರಾಜೇಶ್ವರಿನಗರ, ಕೆಂಗೇರಿ ಹಾಗೂ ಸುತ್ತಲಿನ ಬಡಾವಣೆಗಳ ಅರ್ಜಿದಾರರ ಮಾಹಿತಿಗಾಗಿ)

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಅನುಸೂಚಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಕಾಯಿಲೆಯನ್ನು ಸೇರಿಸಲಾಗಿದೆ. 1995ರ ಹಿಂದಿನ ಅಧಿನಿಯಮದಲ್ಲಿ ಇದರ ಹೆಸರು ಇರಲಿಲ್ಲ. ಶರೀರದ ರೋಗನಿರೋಧಕ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿರುವ ಮಯಲಿನ್ ಎಂಬ ಹೊದಿಕೆಗೆ ಧಕ್ಕೆ ಉಂಟುಮಾಡುವುದು ಈ ಕಾಯಿಲೆಯ ಮೂಲ. ದೃಷ್ಟಿ ಮಸುಕಾಗುವುದು, ಕೈಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು ಇದರ ಲಕ್ಷಣಗಳು. ಆದರೆ ಹೆಚ್ಚಿನವರನ್ನು ಕಾಡುವುದು ಬಳಲಿಕೆ. ಅದು ಹೊರಗೆ ಕಾಣುವುದಿಲ್ಲವಾದ್ದರಿಂದ ಮನೆಯವರೂ ಸಹೋದ್ಯೋಗಿಗಳೂ ಸೋಮಾರಿತನವೆಂದು ಭಾವಿಸುವುದುಂಟು. ಇದು ಸರಿಯಲ್ಲ, ಬಳಲಿಕೆ ಕಾಯಿಲೆಯ ಭಾಗವೇ ಆಗಿದೆ.

ಮೊದಲು ಪರೀಕ್ಷೆ, ನಂತರ ಪಥ್ಯ

ಎಲ್ಲ ಬಳಲಿಕೆಗೂ ಎಂ.ಎಸ್. ಒಂದೇ ಕಾರಣವಲ್ಲ. ರಕ್ತಹೀನತೆ, ಥೈರಾಯ್ಡ್ ದೋಷ, ವಿಟಮಿನ್ ಬಿ12 ಮತ್ತು ಡಿ ಕೊರತೆ ನಮ್ಮಲ್ಲಿ ಸಾಮಾನ್ಯ; ಇವನ್ನು ಸರಿಪಡಿಸಬಹುದು. ಸಸ್ಯಾಹಾರಿಗಳಿಗೆ ಬಿ12 ಮುಖ್ಯವಾಗಿ ಹಾಲು, ಮೊಸರುಗಳಿಂದ ದೊರೆಯುತ್ತದೆ. ಸೊಪ್ಪು, ರಾಗಿ, ಕಾಳುಗಳನ್ನು ಎಷ್ಟು ತಿಂದರೂ ಅದು ದೊರೆಯದು. ಆದ್ದರಿಂದ ಆಹಾರ ಬದಲಿಸುವ ಮುನ್ನ ವೈದ್ಯರ ಸಲಹೆಯಂತೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ.

ಎಂ.ಎಸ್. ಅನ್ನು ಗುಣಪಡಿಸುವ ಆಹಾರ ಯಾವುದೂ ಇಲ್ಲ. ಬಳಲಿಕೆಯ ಮಟ್ಟಿಗೆ ಕೆಲವು ಆಶಾದಾಯಕ ಫಲಿತಾಂಶಗಳಿವೆ. 61 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ವರ್ಷದ ಪ್ರಯೋಗದಲ್ಲಿ, ಕಡಿಮೆ ಕೊಬ್ಬಿನ ಸಸ್ಯಾಹಾರ ಸೇವಿಸಿದವರ ಬಳಲಿಕೆ ತಗ್ಗಿತು, ಎಂ.ಆರ್.ಐ. ಚಿತ್ರದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಅಯೋವಾ ವಿಶ್ವವಿದ್ಯಾಲಯದ 2021ರ ಪ್ರಯೋಗವು ಸ್ವಾಂಕ್ ಮತ್ತು ವಾಲ್ಸ್ ಎಂಬ ಎರಡು ಪದ್ಧತಿಗಳನ್ನು ಹೋಲಿಸಿತು; ಎರಡರಲ್ಲೂ ಬಳಲಿಕೆ ಕಡಿಮೆಯಾಯಿತು. ಇವೆಲ್ಲ ಸಣ್ಣ ಪ್ರಯೋಗಗಳೆಂಬುದನ್ನು ಗಮನಿಸಬೇಕು.

ವಾಲ್ಸ್ ಪದ್ಧತಿಯು ಧಾನ್ಯ, ಬೇಳೆಕಾಳು, ಹಾಲನ್ನು ಒಟ್ಟಿಗೆ ಕೈಬಿಡುತ್ತದೆ. ಮುದ್ದೆ, ಸಾರು, ಮೊಸರನ್ನು ನಂಬಿದ ಸಸ್ಯಾಹಾರಿ ಮನೆಯಲ್ಲಿ ಆಮೇಲೆ ತಟ್ಟೆಯಲ್ಲಿ ಉಳಿಯುವುದು ಅತ್ಯಲ್ಪ. ಸ್ವಾಂಕ್ ಪದ್ಧತಿಯು ದಿನಕ್ಕೆ 15 ಗ್ರಾಂ ಮೀರದಂತೆ ಸಂತೃಪ್ತ ಕೊಬ್ಬನ್ನು ಮಿತಿಗೊಳಿಸುತ್ತದೆ. ಒಂದು ದೊಡ್ಡ ಚಮಚ ತುಪ್ಪದಲ್ಲೇ ಸುಮಾರು 8 ಗ್ರಾಂ ಇರುವುದರಿಂದ ತುಪ್ಪ, ವನಸ್ಪತಿ, ಕೊಬ್ಬರಿ, ಕರಿದ ತಿಂಡಿಗಳ ಮೇಲೆ ಹಿಡಿತ ಬೇಕಾಗುತ್ತದೆ. ನಮ್ಮ ಅಡುಗೆಗೆ ಇದೇ ಹೊಂದಿಕೊಳ್ಳುವ ದಾರಿ.

ಮಧ್ಯಾಹ್ನ ಹೊಟ್ಟೆ ಬಿರಿಯುವಷ್ಟು ಬಿಳಿ ಅನ್ನ ಉಂಡಲ್ಲಿ ಜೋಂಪು ಹತ್ತುವುದು ಎಲ್ಲರಿಗೂ ತಿಳಿದ ವಿಷಯ. ಬಳಲಿಕೆ ಇರುವವರಿಗೆ ಅದು ಇಡೀ ಸಂಜೆಯನ್ನು ಕಸಿದುಕೊಳ್ಳಬಹುದು. ಅನ್ನವನ್ನು ತಗ್ಗಿಸಿ, ಸಣ್ಣ ಮುದ್ದೆ, ಹುರುಳಿ ಅಥವಾ ಹೆಸರುಕಾಳು, ಸೊಪ್ಪಿನ ಪಲ್ಯ, ಕೋಸಂಬರಿ ಸೇರಿಸಿ, ಊಟವನ್ನು ಹಂಚಿಕೊಂಡು ಸ್ವಲ್ಪ ಸ್ವಲ್ಪ ಸೇವಿಸುವುದು ಲೇಸು. ಕಾಫಿಯನ್ನು ಊಟದ ಜೊತೆ ಕುಡಿದರೆ ಕಬ್ಬಿಣಾಂಶದ ಹೀರಿಕೆ ಕುಗ್ಗುತ್ತದೆ, ಸಂಜೆ ತಡವಾಗಿ ಕುಡಿದರೆ ನಿದ್ರೆ ಕೆಡುತ್ತದೆ. ತರಕಾರಿ ಹೆಚ್ಚುವುದನ್ನು ಕುಳಿತು, ಬೆಳಗಿನ ತಂಪಿನಲ್ಲಿ ಮುಗಿಸುವುದೂ ಶಕ್ತಿಯ ಉಳಿತಾಯವೇ.

ಮೂತ್ರದ ಅವಸರಕ್ಕೆ ಹೆದರಿ ನೀರು ಕುಡಿಯದಿರುವುದು ಅನೇಕರಲ್ಲಿ ಕಂಡುಬರುವ ಅಭ್ಯಾಸ. ಇದರಿಂದ ಬಳಲಿಕೆಯೂ ಮಲಬದ್ಧತೆಯೂ ಹೆಚ್ಚುತ್ತವೆ. ಮೈ ಬಿಸಿಯಾದಾಗ ಎಂ.ಎಸ್. ಲಕ್ಷಣಗಳು ತಾತ್ಕಾಲಿಕವಾಗಿ ಉಲ್ಬಣಿಸುವುದರಿಂದ, ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ರಾಜರಾಜೇಶ್ವರಿನಗರದ ಏರು ರಸ್ತೆಗಳಲ್ಲಿ ನಡೆಯುವವರು ತಣ್ಣನೆಯ ಮಜ್ಜಿಗೆ ಅಥವಾ ನೀರನ್ನು ಜೊತೆಗೊಯ್ಯುವುದು ಒಳಿತು.

ಎಚ್ಚರಿಕೆ

ಪಥ್ಯವನ್ನು ನೆಚ್ಚಿ ವೈದ್ಯರು ಸೂಚಿಸಿದ ಔಷಧಿಯನ್ನು ಯಾವ ಕಾರಣಕ್ಕೂ ನಿಲ್ಲಿಸತಕ್ಕದ್ದಲ್ಲ. ಹೆಚ್ಚಿನ ಪ್ರಮಾಣದ ಬಯೋಟಿನ್ ಮಾತ್ರೆಗಳು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲವು. ವಿಟಮಿನ್ ಡಿ ಅತಿಯಾದಲ್ಲಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಸ್ಟೀರಾಯ್ಡ್ ಪಡೆಯುವ ದಿನಗಳಲ್ಲಿ ಉಪ್ಪು, ಸಕ್ಕರೆಯನ್ನು ಕಡಿಮೆ ಮಾಡುವುದು.

ಅರ್ಜಿದಾರರ ಗಮನಕ್ಕೆ

ಯು.ಡಿ.ಐ.ಡಿ. ಗುರುತಿನ ಚೀಟಿಗಾಗಿ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದು. ಪಥ್ಯ ಅನುಸರಿಸಿರುವುದು ಅಥವಾ ಅನುಸರಿಸದಿರುವುದು ಅರ್ಹತೆಗೆ ಸಂಬಂಧಿಸಿದ್ದಲ್ಲ. ವೈದ್ಯಕೀಯ ಪ್ರಾಧಿಕಾರದ ಮುಂದೆ ಹಾಜರಾಗುವ ಮುನ್ನ ಎರಡು ವಾರಗಳ ಊಟ, ನಿದ್ರೆ ಹಾಗೂ ಬಳಲಿಕೆಯ ವಿವರವನ್ನು ಬರೆದಿಟ್ಟುಕೊಂಡು, ನರರೋಗ ತಜ್ಞರ ವರದಿಯೊಂದಿಗೆ ತೋರಿಸಬಹುದು. ತಪಾಸಣೆಯ ದಿನ ಸರತಿ ದೀರ್ಘವಾಗಬಹುದಾದ್ದರಿಂದ ಲಘು ಆಹಾರ ಮತ್ತು ನೀರನ್ನು ತಮ್ಮೊಂದಿಗೆ ತರಲು ಕೋರಲಾಗಿದೆ.