ಸಂಘದ ಜಾಲತಾಣಕ್ಕೆ ತಕ್ಕ ತಂತ್ರಾಂಶ ಯಾವುದು?

ಬೆಂಗಳೂರಿನ ಉತ್ತರ ಭಾಗ ಬೆಳೆದಿರುವ ಪರಿಯನ್ನು ನಮ್ಮ ಓದುಗರಿಗೆ ಬಣ್ಣಿಸಿ ಹೇಳಬೇಕಾದ ಅಗತ್ಯವಿಲ್ಲ. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳದಿಂದ ಯಲಹಂಕದಾಚೆಗೂ ಬಡಾವಣೆಗಳು ಹಬ್ಬಿದವು. ವಿಜಯಪುರ, ಕಲಬುರಗಿ, ದಾವಣಗೆರೆಗಳ ಕಡೆಯಿಂದ ಬಂದು ಯಶವಂತಪುರದಲ್ಲಿ ರೈಲಿಳಿದ ಅನೇಕ ಕುಟುಂಬಗಳು ಇಂದು ಆರ್.ಟಿ. ನಗರ, ಸಹಕಾರನಗರ, ವಿದ್ಯಾರಣ್ಯಪುರಗಳಲ್ಲಿ ನೆಲೆ ನಿಂತಿವೆ. ಬಡಾವಣೆಗೊಂದರಂತೆ ಸಂಘಗಳೂ ಅಕ್ಕನ ಬಳಗಗಳೂ ಹುಟ್ಟಿಕೊಂಡಿವೆ. ಬಸವ ಜಯಂತಿ, ಪ್ರತಿಭಾ ಪುರಸ್ಕಾರ, ವಧೂವರರ ಸಮಾವೇಶ, ವಿದ್ಯಾರ್ಥಿವೇತನ, ವಚನ ಗಾಯನ ಶಿಬಿರ ಎಂದು ವರ್ಷವಿಡೀ ಕಾರ್ಯಕ್ರಮಗಳು ನಡೆಯುತ್ತವೆ.

ಇವುಗಳ ಸುದ್ದಿಯೆಲ್ಲ ಇಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತದೆ. ಆದರೆ ಅಲ್ಲಿ ಬೆಳಿಗ್ಗೆ ಬಂದ ಸೂಚನೆ ಸಂಜೆಯ ವೇಳೆಗೆ ಶುಭೋದಯದ ಚಿತ್ರಗಳ ಅಡಿಯಲ್ಲಿ ಹೂತುಹೋಗಿರುತ್ತದೆ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಯಾವುದೆಂದು ಒಬ್ಬ ಬಡ ವಿದ್ಯಾರ್ಥಿ ತಡಕಾಡುವಂತಾದರೆ ಆ ವೇತನ ಯಾರನ್ನು ಮುಟ್ಟಬೇಕಿತ್ತೋ ಅವರನ್ನೇ ಮುಟ್ಟದೆ ಹೋಗುತ್ತದೆ. ಈ ಕಾರಣದಿಂದಲೇ ಸಂಘಗಳು ತಮ್ಮದೇ ಆದ ಜಾಲತಾಣ ಬೇಕೆಂದು ಬಯಸುತ್ತಿವೆ. ಆಗ ಎದುರಾಗುವ ಮೊದಲ ಪ್ರಶ್ನೆ: ಅದನ್ನು ಯಾವ ತಂತ್ರಾಂಶದಿಂದ ಕಟ್ಟಬೇಕು? ಈ ಲೇಖನದಲ್ಲಿ ಆ ಪ್ರಶ್ನೆಯನ್ನು ಸಂಸಾರವಂದಿಗರಿಗೂ ತಿಳಿಯುವಂತೆ ವಿಚಾರ ಮಾಡೋಣ.

ಅಚ್ಚುಕೂಟದ ಮಾತು

ವಚನ ಪಿತಾಮಹರೆಂದು ನಾಡು ಗೌರವಿಸುವ ಡಾ. ಫ.ಗು. ಹಳಕಟ್ಟಿಯವರು ೧೯೨೫ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ವೃತ್ತಿಯಿಂದ ವಕೀಲರಾಗಿದ್ದ ಅವರು ಅಚ್ಚುಕೂಟದ ಭಾರವನ್ನು ಏಕೆ ಹೊತ್ತರೆಂದು ಯೋಚಿಸಿದರೆ ನಮ್ಮ ಇಂದಿನ ಪ್ರಶ್ನೆಗೂ ಬೆಳಕು ಸಿಗುತ್ತದೆ. ಅಚ್ಚಿನ ಮೊಳೆ ತಮ್ಮ ಕೈಯಲ್ಲಿದ್ದರೆ ಯಾವುದನ್ನು, ಯಾವಾಗ, ಎಷ್ಟು ಪ್ರತಿ ಮುದ್ರಿಸಬೇಕೆಂಬ ನಿರ್ಧಾರವೂ ತಮ್ಮದೇ ಆಗಿರುತ್ತದೆ. ಜಾಲತಾಣದ ವಿಷಯ ನಿರ್ವಹಣಾ ತಂತ್ರಾಂಶವೆಂಬುದು ಇಂದಿನ ಅಚ್ಚುಕೂಟ. ಬರಹ, ಚಿತ್ರ, ಸೂಚನೆಗಳನ್ನು ಒಂದು ದತ್ತಕೋಶದಲ್ಲಿ ಇರಿಸಿಕೊಂಡು, ಪುಟದ ವಿನ್ಯಾಸವನ್ನು ಬೇರೆಯಾಗಿಟ್ಟು, ಓದುಗ ಕೇಳಿದಾಗ ಎರಡನ್ನೂ ಜೋಡಿಸಿ ತೋರಿಸುವುದು ಅದರ ಕೆಲಸ. ಹೀಗಾಗಿ ಸಂಘದ ಕಾರ್ಯದರ್ಶಿಗೆ ಪ್ರೋಗ್ರಾಮಿಂಗ್ ಬಾರದಿದ್ದರೂ ಟೈಪು ಮಾಡಲು ಬಂದರೆ ಸಾಕು.

ನಾಲ್ಕು ದಾರಿಗಳು

ಇಂದು ಪ್ರಚಾರದಲ್ಲಿರುವ ತಂತ್ರಾಂಶಗಳಲ್ಲಿ ವರ್ಡ್‌ಪ್ರೆಸ್ ಮೊದಲನೆಯದು. ಮ್ಯಾಟ್ ಮಲ್ಲನ್ವೆಗ್ ಮತ್ತು ಮೈಕ್ ಲಿಟಲ್ ಎಂಬ ಇಬ್ಬರು ೨೦೦೩ರ ಮೇ ತಿಂಗಳಲ್ಲಿ ಇದನ್ನು ಹೊರತಂದರು. ಜಗತ್ತಿನ ಜಾಲತಾಣಗಳಲ್ಲಿ ಶೇಕಡಾ ೪೦ಕ್ಕೂ ಹೆಚ್ಚಿನವು ಇದರ ಮೇಲೆ ನಿಂತಿವೆಯೆಂದು ಅಂದಾಜು. ಕಲಿಯಲು ಸುಲಭ, ಬಲ್ಲವರು ಎಲ್ಲೆಲ್ಲೂ ಸಿಗುತ್ತಾರೆ, ಆಡಳಿತದ ಪುಟಗಳಿಗೆ ಕನ್ನಡ ಅನುವಾದವೂ ಇದೆ. ಆದರೆ ಬಹಳ ಜನ ಬಳಸುವ ಕಾರಣದಿಂದಲೇ ಕಳ್ಳರ ಕಣ್ಣೂ ಇದರ ಮೇಲೆ ಹೆಚ್ಚು. ಅದಕ್ಕೆ ಜೋಡಿಸುವ ಹೊರಗಿನ ಪ್ಲಗಿನ್‌ಗಳಲ್ಲಿಯೇ ಬಿರುಕುಗಳು ಕಾಣಿಸಿಕೊಳ್ಳುವುದು ಹೆಚ್ಚು. ಕಾಲಕಾಲಕ್ಕೆ ಹೊಸ ಆವೃತ್ತಿಗೆ ಏರಿಸದಿದ್ದರೆ ಮನೆಯ ಬಾಗಿಲು ತೆರೆದಿಟ್ಟು ಊರಿಗೆ ಹೋದಂತೆ.

ಎರಡನೆಯದು ಜೂಮ್ಲಾ. ಈ ಹೆಸರು ಆಫ್ರಿಕದ ಸ್ವಾಹಿಲಿ ನುಡಿಯದು. ‘ಎಲ್ಲರೂ ಒಟ್ಟಾಗಿ’ ಎಂಬುದು ಅದರ ಅರ್ಥ. ನಮ್ಮ ಹಳೆಯ ಲೆಕ್ಕಪತ್ರಗಳಲ್ಲಿ ಒಟ್ಟು ಮೊತ್ತಕ್ಕೆ ಬಳಸುತ್ತಿದ್ದ ‘ಜುಮಲಾ’ ಎಂಬ ಮಾತನ್ನು ಇದು ನೆನಪಿಗೆ ತರುತ್ತದೆ. ಇದರ ಹುಟ್ಟೂ ಸ್ವಾರಸ್ಯಕರವಾದುದು. ೨೦೦೫ರಲ್ಲಿ ಮ್ಯಾಂಬೊ ಎಂಬ ತಂತ್ರಾಂಶದ ಮೇಲಿನ ಹಿಡಿತದ ಬಗ್ಗೆ ಭಿನ್ನಾಭಿಪ್ರಾಯ ತಲೆದೋರಿದಾಗ ಅದನ್ನು ಬರೆಯುತ್ತಿದ್ದವರು ಹೊರಬಂದು ಅದೇ ಆಕರವನ್ನು ಹೊಸ ಹೆಸರಿನಲ್ಲಿ ಮುಂದುವರಿಸಿದರು. ಮುಕ್ತ ಪರವಾನಗಿ ಇದ್ದುದರಿಂದ ಅದು ಸಾಧ್ಯವಾಯಿತು. ಯಜಮಾನರು ಬದಲಾದರೂ ಮನೆ ಬಿದ್ದುಹೋಗದಂತೆ ಕಾಯುವುದು ಇಂಥ ಪರವಾನಗಿಯೇ.

ಮೂರನೆಯದು ೨೦೦೧ರಲ್ಲಿ ಬೆಲ್ಜಿಯಂನ ಡ್ರೀಸ್ ಬಾಯ್ಟಾರ್ಟ್ ಹೊರತಂದ ಡ್ರೂಪಲ್. ಹತ್ತಾರು ಶಾಲಾಕಾಲೇಜುಗಳಿರುವ ದೊಡ್ಡ ವಿದ್ಯಾಸಂಸ್ಥೆಗೆ ಇದು ಒಗ್ಗುತ್ತದೆ. ಯಾರು ಬರೆಯಬೇಕು, ಯಾರು ತಿದ್ದಬೇಕು, ಯಾರು ಪ್ರಕಟಿಸಬೇಕು ಎಂಬ ಅಧಿಕಾರ ಹಂಚಿಕೆ ಇದರಲ್ಲಿ ಬಿಗಿಯಾಗಿದೆ. ಆದರೆ ಇದನ್ನು ಸಾಕಲು ನುರಿತ ಕೈ ಬೇಕು. ೨೦೧೧ರಲ್ಲಿ ಬಂದ ಇದರ ಏಳನೆಯ ಆವೃತ್ತಿಗೆ ೨೦೨೫ರ ಜನವರಿ ೫ರಂದು ಅಧಿಕೃತ ಬೆಂಬಲ ನಿಂತುಹೋಯಿತು. ಎಂಟನೆಯ ಆವೃತ್ತಿಯಿಂದೀಚೆಗೆ ಒಳರಚನೆಯೇ ಬದಲಾದ್ದರಿಂದ ಹಳೆಯ ತಾಣಗಳನ್ನು ಹೆಚ್ಚುಕಡಿಮೆ ಹೊಸದಾಗಿಯೇ ಕಟ್ಟಬೇಕಾಗುತ್ತದೆ. ಸಣ್ಣ ಸಂಘಕ್ಕೆ ಈ ಹೊರೆ ಬೇಡ.

ನಾಲ್ಕನೆಯದು ವಿಕಿಪೀಡಿಯ ನಿಂತಿರುವ ಮೀಡಿಯಾವಿಕಿ. ಅನೇಕರು ಕೂಡಿ ತಿದ್ದುವ ಗ್ರಂಥರಾಶಿಗೆ, ಶರಣರ ಸ್ಥಳಗಳ ಪರಿಚಯಕೋಶದಂಥ ಕಾರ್ಯಕ್ಕೆ ಇದು ಹೇಳಿ ಮಾಡಿಸಿದ್ದು. ಯಾರು ಯಾವಾಗ ಏನು ತಿದ್ದಿದರೆಂಬ ಲೆಕ್ಕ ಅಕ್ಷರಕ್ಷರವೂ ಉಳಿಯುತ್ತದೆ. ಕಾರ್ಯಕ್ರಮದ ಆಹ್ವಾನಪತ್ರಿಕೆ ಹಾಕಲು ಮಾತ್ರ ಇದು ಸಲ್ಲದು.

ಬಾಡಿಗೆ ಮನೆಯ ಪಾಡು

ಇಷ್ಟೆಲ್ಲ ತಾಪತ್ರಯವೇಕೆ, ಪುಕ್ಕಟೆಯಾಗಿ ಸಿಗುವ ಕಡೆ ಒಂದು ಪುಟ ತೆರೆದರಾಯಿತಲ್ಲವೇ ಎಂದು ಕೇಳುವವರುಂಟು. ಯಾಹೂ ಸಂಸ್ಥೆ ನಡೆಸುತ್ತಿದ್ದ ಜಿಯೋಸಿಟೀಸ್ ೨೦೦೯ರಲ್ಲಿ ಬಾಗಿಲು ಹಾಕಿತು. ನಮ್ಮ ಯುವಕರು ಮುಗಿಬಿದ್ದಿದ್ದ ಆರ್ಕುಟ್ ೨೦೧೪ರಲ್ಲಿ ನಿಂತಿತು. ಗೂಗಲ್ ಪ್ಲಸ್ ೨೦೧೯ರಲ್ಲಿ ಅದೇ ಹಾದಿ ಹಿಡಿಯಿತು. ಪ್ರತಿ ಸಲವೂ ಜನರು ವರ್ಷಗಟ್ಟಲೆ ಕೂಡಿಟ್ಟ ಬರಹಗಳೂ ಭಾವಚಿತ್ರಗಳೂ ಗಂಟುಮೂಟೆ ಕಟ್ಟಬೇಕಾಯಿತು; ಕಟ್ಟಿಕೊಳ್ಳದವರದು ಅಳಿದುಹೋಯಿತು. ಬಾಡಿಗೆ ಮನೆಯಲ್ಲಿ ಇರಬಾರದೆಂದಲ್ಲ. ಆದರೆ ಸಾಮಾನು ನಮ್ಮದಾಗಿರಬೇಕು, ಬೇಕೆಂದಾಗ ಹೊತ್ತು ಹೊರಡುವಂತಿರಬೇಕು. ಆದ್ದರಿಂದ ಯಾವ ಸೇವೆಯನ್ನೇ ಆರಿಸಿದರೂ ‘ನಮ್ಮ ಎಲ್ಲ ಪುಟಗಳನ್ನೂ ಒಂದೇ ಕಡತದಲ್ಲಿ ಇಳಿಸಿಕೊಳ್ಳಬಹುದೇ?’ ಎಂದು ಮೊದಲೇ ಕೇಳಬೇಕು. ‘ಆಗದು’ ಎಂದರೆ ಅಲ್ಲಿಗೇ ಕೈಬಿಡುವುದು ಲೇಸು.

ಇದಕ್ಕಿಂತಲೂ ಹೆಚ್ಚಾಗಿ ನಡೆಯುವ ಇನ್ನೊಂದು ಅನಾಹುತವಿದೆ. ಪದಾಧಿಕಾರಿಯೊಬ್ಬರ ಮಗನೋ ಅಳಿಯನೋ ಉತ್ಸಾಹದಿಂದ ತಾಣವನ್ನು ಕಟ್ಟಿಕೊಡುತ್ತಾನೆ. ಡೊಮೈನ್ ಹೆಸರು ಅವನ ಹೆಸರಿನಲ್ಲಿ, ಗುಪ್ತಪದ ಅವನ ತಲೆಯಲ್ಲಿ. ಎರಡು ವರ್ಷಕ್ಕೆ ಅವನು ಉದ್ಯೋಗನಿಮಿತ್ತ ಹೊರದೇಶಕ್ಕೆ ತೆರಳುತ್ತಾನೆ. ನವೀಕರಣದ ಸೂಚನೆ ಅವನ ಹಳೆಯ ಇ-ಮೇಲ್‌ಗೆ ಹೋಗುತ್ತದೆ. ಒಂದು ದಿನ ಸಂಘದ ಹೆಸರಿನಲ್ಲಿ ಯಾರದೋ ಜಾಹೀರಾತು ಕಾಣಿಸಿಕೊಳ್ಳುತ್ತದೆ. ಇದರಲ್ಲಿ ಆ ಹುಡುಗನ ತಪ್ಪೇನೂ ಇಲ್ಲ. ಸಂಘದ ನಿವೇಶನವನ್ನು ವ್ಯಕ್ತಿಯ ಹೆಸರಿನಲ್ಲಿ ನೋಂದಾಯಿಸಲು ಯಾವ ಸಮಿತಿಯೂ ಒಪ್ಪುವುದಿಲ್ಲ. ಡೊಮೈನ್ ಹೆಸರಿಗೂ ಅದೇ ನಿಯಮ ಇರಬೇಕು.

ಕನ್ನಡದ ಪರೀಕ್ಷೆ

ತಂತ್ರಾಂಶದ ಗುಣವನ್ನು ಒರೆಗೆ ಹಚ್ಚಬೇಕಾದುದು ಕನ್ನಡದಲ್ಲಿ. ನುಡಿ, ಬರಹ ಮೊದಲಾದವುಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಮಾಲೆ. ಹಾಗೆ ಕೂಡಿಟ್ಟ ಹಳೆಯ ಸ್ಮರಣಸಂಚಿಕೆಯ ಕಡತಗಳನ್ನು ತಾಣಕ್ಕೆ ಏರಿಸಿದರೆ ‘ಬಸವಣ್ಣ’ ಎಂದು ಹುಡುಕಿದವರಿಗೆ ಏನೂ ಸಿಗದು. ಯೂನಿಕೋಡ್ ೧೯೯೧ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ವಲಯವನ್ನು ಕಾದಿರಿಸಿತು. ಹಳೆಯ ಕಡತಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಕರಡು ತಿದ್ದಿ, ಬಳಿಕವೇ ಏರಿಸಬೇಕು.

ಈ ಶ್ರಮ ಎಂಥ ಫಲ ಕೊಡುತ್ತದೆಂಬುದಕ್ಕೆ ನಮ್ಮ ಕಣ್ಣೆದುರಿಗೇ ನಿದರ್ಶನವಿದೆ. ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ೧೯೯೩ರಲ್ಲಿ ೧೫ ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಪ್ರಕಟಿಸಿತು. ಅದರಲ್ಲಿನ ೨೦,೦೦೦ಕ್ಕೂ ಮಿಕ್ಕಿದ ವಚನಗಳು ಇಂದು ‘ವಚನ ಸಂಚಯ’ ಎಂಬ ತಾಣದಲ್ಲಿ ಯೂನಿಕೋಡ್ ರೂಪದಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆಯೆಂದು ಕ್ಷಣದಲ್ಲಿ ತೋರಿಸುತ್ತದೆ. ಹಿಂದೆ ವಿದ್ವಾಂಸರು ತಿಂಗಳುಗಟ್ಟಲೆ ಚೀಟಿ ಬರೆದು ಮಾಡುತ್ತಿದ್ದ ಕೆಲಸ ಇಂದು ಶಾಲೆಯ ಮಗುವಿನ ಕೈಗೂ ಎಟುಕಿದೆ.

ಇನ್ನೆರಡು ಸೂಕ್ಷ್ಮಗಳನ್ನು ಗಮನಿಸಬೇಕು. ಅನೇಕ ವಿನ್ಯಾಸಗಳು ಇಂಗ್ಲಿಷಿಗೆಂದು ರೂಪುಗೊಂಡಿರುವುದರಿಂದ ಸಾಲುಗಳ ನಡುವಿನ ಅಂತರ ಕಡಿಮೆಯಿದ್ದು ನಮ್ಮ ಒತ್ತಕ್ಷರಗಳು ಮೇಲಿನ ಕೆಳಗಿನ ಸಾಲುಗಳಿಗೆ ತಾಗುತ್ತವೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ಷಟ್‌ಸ್ಥಲ’ ಎಂಬ ಮೂರು ಪದಗಳನ್ನು ಶೀರ್ಷಿಕೆಯ ಅಳತೆಯಲ್ಲಿ ಬರೆದು ನೋಡಿದರೆ ಸಾಕು, ವಿನ್ಯಾಸದ ಬಂಡವಾಳ ಬಯಲಾಗುತ್ತದೆ. ಎರಡನೆಯದು, ಪುಟದ ವಿಳಾಸ. ಕನ್ನಡ ಶೀರ್ಷಿಕೆಯೇ ವಿಳಾಸವಾದಾಗ ಪ್ರತಿಯೊಂದು ಅಕ್ಷರಚಿಹ್ನೆಯೂ ಒಳಗೆ ಒಂಬತ್ತು ಸಂಕೇತಗಳಾಗಿ ಹಿಗ್ಗುತ್ತದೆ. ವರ್ಡ್‌ಪ್ರೆಸ್ ವಿಳಾಸಕ್ಕೆ ಮೀಸಲಿಟ್ಟಿರುವುದು ೨೦೦ ಸ್ಥಾನ. ಅಂದರೆ ಸುಮಾರು ೨೨ ಚಿಹ್ನೆಗಳಿಗೇ ಅದು ತುಂಡಾಗುತ್ತದೆ. ಗುಣಿತದ ಗುರುತುಗಳೂ ಈ ಲೆಕ್ಕಕ್ಕೆ ಸೇರುತ್ತವೆಯೆಂಬುದನ್ನು ಮರೆಯಬಾರದು. ಶೀರ್ಷಿಕೆ ಪೂರ್ಣ ಕನ್ನಡದಲ್ಲಿರಲಿ. ವಿಳಾಸವನ್ನು ಮಾತ್ರ ಚಿಕ್ಕದಾಗಿ ಕೈಯಿಂದಲೇ ಬರೆಯುವುದು ಒಳ್ಳೆಯದು.

ಮನೆಮಕ್ಕಳ ಮಾನ

ನಮ್ಮ ಓದುಗರು ಅತ್ಯಂತ ಎಚ್ಚರದಿಂದ ನೋಡಬೇಕಾದುದು ವಧೂವರರ ಮಾಹಿತಿ. ಹೆಣ್ಣುಮಕ್ಕಳ ಭಾವಚಿತ್ರ, ಜನ್ಮದಿನಾಂಕ, ತಂದೆಯ ದೂರವಾಣಿ ಸಂಖ್ಯೆಗಳನ್ನು ಎಲ್ಲರೂ ನೋಡುವ ಪುಟದಲ್ಲಿ ಹಾಕುವುದು ಸರ್ವಥಾ ಸಲ್ಲದು. ಒಮ್ಮೆ ಹುಡುಕುಯಂತ್ರಗಳ ಕೈಗೆ ಸಿಕ್ಕಿದ ಪುಟ ಇಲ್ಲಿ ಅಳಿಸಿದರೂ ಇನ್ನೆಲ್ಲೋ ಉಳಿದಿರಬಹುದು. ೨೦೨೩ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಇಂಥ ಮಾಹಿತಿಗೆ ಸಂಬಂಧಪಟ್ಟವರ ಒಪ್ಪಿಗೆ ಮುಖ್ಯವೆಂದು ಸಾರುತ್ತದೆ. ಕಾಯಿದೆ ಇಲ್ಲದಿದ್ದರೂ ಇದು ಮನೆತನದ ಮರ್ಯಾದೆಯ ಪ್ರಶ್ನೆಯೇ ಸರಿ. ಸದಸ್ಯರ ಗುರುತು ಪರಿಶೀಲಿಸಿ ಒಳಬಿಡುವ ವ್ಯವಸ್ಥೆ ಮಾಡಲಾಗದಿದ್ದರೆ ಆ ದಾಖಲೆ ಕಚೇರಿಯ ಕಡತದಲ್ಲಿಯೇ ಇರಲಿ. ಹಾಗೆಯೇ ದಾಸೋಹದ ಕಾಣಿಕೆಗೆ ಹಾಕುವ ಕ್ಯೂಆರ್ ಸಂಕೇತವನ್ನು ಯಾರಾದರೂ ನುಸುಳಿ ಬದಲಿಸಿದರೆ ಭಕ್ತರ ಹಣ ಪರರ ಪಾಲಾಗುತ್ತದೆ. ವಾರಕ್ಕೊಮ್ಮೆಯಾದರೂ ಒಬ್ಬರು ಒಂದು ರೂಪಾಯಿ ಕಳಿಸಿ ಪರೀಕ್ಷಿಸುವ ವಾಡಿಕೆ ಇರಲಿ.

ನಮ್ಮ ಸಲಹೆ

ಬಡಾವಣೆಯ ಸಾಮಾನ್ಯ ಸಂಘಕ್ಕೆ ಸ್ವಂತ ಹೋಸ್ಟಿಂಗ್‌ನ ಮೇಲೆ ವರ್ಡ್‌ಪ್ರೆಸ್, ಅದಕ್ಕೆ ಅತ್ಯಗತ್ಯವಾದ ನಾಲ್ಕೈದು ಪ್ಲಗಿನ್, ಇಷ್ಟೇ ಸಾಕೆಂಬುದು ನಮ್ಮ ಅಭಿಪ್ರಾಯ. ವರ್ಷಕ್ಕೆರಡು ಬಾರಿ ಮಾತ್ರ ಬದಲಾಗುವ ಹತ್ತು ಪುಟಗಳಷ್ಟೇ ಇದ್ದರೆ ದತ್ತಕೋಶವಿಲ್ಲದ ಸರಳ ಸ್ಥಿರ ಪುಟಗಳು ಇನ್ನೂ ಕ್ಷೇಮ. ಮುರಿಯಲು ಅಲ್ಲಿ ಏನೂ ಇರುವುದಿಲ್ಲ. ಗ್ರಂಥಭಂಡಾರಕ್ಕೆ ಮೀಡಿಯಾವಿಕಿ, ವೇತನ ಕೊಟ್ಟು ತಂತ್ರಜ್ಞರನ್ನು ಇಟ್ಟುಕೊಳ್ಳಬಲ್ಲ ದೊಡ್ಡ ಸಂಸ್ಥೆಗೆ ಡ್ರೂಪಲ್. ಒಬ್ಬರೇ ಬರೆದುಕೊಟ್ಟು ಅವರೊಬ್ಬರಿಗೇ ಅರ್ಥವಾಗುವ ಖಾಸಗಿ ತಂತ್ರಾಂಶವನ್ನು ಮಾತ್ರ ಎಷ್ಟೇ ಅಗ್ಗವಾಗಿ ಸಿಕ್ಕರೂ ಒಪ್ಪಬಾರದು.

ನಿರ್ಧಾರಕ್ಕೆ ಮುನ್ನ ಒಂದು ಪ್ರಯೋಗ ಮಾಡಬೇಕು. ತಂತ್ರಜ್ಞರನ್ನು ಪಕ್ಕಕ್ಕೆ ಕೂರಿಸಿ, ಮುಂದೆ ಈ ಕೆಲಸ ಮಾಡಬೇಕಾದ ಅಕ್ಕನ ಬಳಗದ ಕಾರ್ಯದರ್ಶಿಯ ಕೈಗೇ ಮೊಬೈಲು ಕೊಟ್ಟು, ಒಂದು ಕಾರ್ಯಕ್ರಮದ ಸೂಚನೆಯನ್ನು ಚಿತ್ರಸಹಿತ ಹಾಕಲು ಹೇಳಬೇಕು. ಅರ್ಧ ಗಂಟೆಯಲ್ಲಿ ಆ ತಾಯಿಯಿಂದ ಸಾಧ್ಯವಾದರೆ ತಂತ್ರಾಂಶ ಯೋಗ್ಯ. ಸಾಧ್ಯವಾಗದಿದ್ದರೆ ದೋಷ ತಂತ್ರಾಂಶದ್ದು, ತಾಯಿಯದಲ್ಲ. ಬಳಿಕ ಡೊಮೈನ್, ಹೋಸ್ಟಿಂಗ್, ಗುಪ್ತಪದಗಳ ವಿವರವನ್ನು ಲಕೋಟೆಯಲ್ಲಿ ಮೊಹರು ಮಾಡಿ ಅಧ್ಯಕ್ಷರ ಹಾಗೂ ಖಜಾಂಚಿಯವರ ಬಳಿ ಒಂದೊಂದು ಪ್ರತಿ ಇರಿಸಬೇಕು. ತಿಂಗಳಿಗೊಮ್ಮೆ ಇಡೀ ತಾಣದ ನಕಲನ್ನು ಬೇರೊಂದು ಕಡೆ ಕಾಪಿಡಬೇಕು. ಆ ನಕಲಿನಿಂದ ತಾಣವನ್ನು ಮತ್ತೆ ಎಬ್ಬಿಸಲು ಬರುತ್ತದೆಯೇ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು.

ತಂತ್ರಾಂಶಗಳು ಹುಟ್ಟುತ್ತವೆ, ಹಳತಾಗುತ್ತವೆ. ಉಳಿಯಬೇಕಾದುದು ಸಮಾಜದ ನೆನಪು: ಯಾವ ವರ್ಷ ಯಾರು ಯಾವ ಮಕ್ಕಳಿಗೆ ನೆರವಾದರು, ಯಾವ ಹಿರಿಯರು ಏನು ನುಡಿದರು ಎಂಬ ದಾಖಲೆ. ಅದು ಒಂದು ಮನೆಯಿಂದ ಇನ್ನೊಂದು ಮನೆಗೆ ಸುಗಮವಾಗಿ ಸಾಗುವಂತೆ ಇಂದೇ ಏರ್ಪಾಡು ಮಾಡಿದರೆ ಮುಂದಿನ ಪೀಳಿಗೆ ನಮ್ಮನ್ನು ನೆನೆಯುತ್ತದೆ. ಮುಂಬರುವ ಸಾಮಾನ್ಯ ಸಭೆಯಲ್ಲಿ ಪ್ರತಿಯೊಂದು ಸಂಘವೂ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ಹಿರಿಯರೂ ಕಿರಿಯರೂ ಕೂಡಿ ನಿರ್ಣಯಿಸಲೆಂದು ನಮ್ಮ ವಿನಂತಿ.