ಹೊಸ ಪ್ರೊಸೆಸರ್ ಬಿಡುಗಡೆಯಾಯಿತು, ಮಾಲು ಬರಲಿಲ್ಲ

ಹೊಸ ಪ್ರೊಸೆಸರ್ ಬಿಡುಗಡೆಯಾಗಿದೆ ಎಂದು ಕಂಪನಿ ಸಾರಿದ ದಿನಕ್ಕೂ ಅದು ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ದಿನಕ್ಕೂ ನಡುವೆ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಅಂತರ ಬೀಳುವುದು ಕಂಪ್ಯೂಟರ್ ವ್ಯಾಪಾರದಲ್ಲಿ ಹಳೆಯ ಸಂಗತಿ. ಬೀದರ್ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣಗಳಂಥ ಊರುಗಳಿಗೆ ಬರುವಷ್ಟರಲ್ಲಿ ಈ ಅಂತರ ಇನ್ನಷ್ಟು ಹಿಗ್ಗುತ್ತದೆ. ಮದುವೆಯ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರು, ಫ್ಲೆಕ್ಸ್ ಮತ್ತು ಡಿಟಿಪಿ ಅಂಗಡಿಯವರು, ಎಂಜಿನಿಯರಿಂಗ್ ಓದುವ ವಿದ್ಯಾರ್ಥಿಗಳು ಹೊಸ ಮಾದರಿ ಕೇಳಿದರೆ ಸಿಗುವ ಉತ್ತರ ಒಂದೇ: ‘ಇನ್ನೂ ಮಾಲು ಬಂದಿಲ್ಲ.’ ಈ ಉತ್ತರದಲ್ಲಿ ಅಂಗಡಿಯವರ ತಪ್ಪು ಕಡಿಮೆ. ಕೊರತೆಯ ಬೇರು ಇರುವುದು ಚಿಪ್ ತಯಾರಾಗುವ ಬಗೆಯಲ್ಲಿ, ಮತ್ತು ತಯಾರಾದ ಚಿಪ್ ಮೊದಲು ಯಾರ ಕೈಸೇರುತ್ತದೆ ಎಂಬುದರಲ್ಲಿ.

ಕಾರ್ಖಾನೆಯ ಮೂರು ತಿಂಗಳು

ಪ್ರೊಸೆಸರ್ ತಯಾರಾಗುವುದು 300 ಮಿಲಿಮೀಟರ್ ವ್ಯಾಸದ ಸಿಲಿಕಾನ್ ಬಿಲ್ಲೆಯ ಮೇಲೆ. ಇದಕ್ಕೆ ವೇಫರ್ ಎಂದು ಹೆಸರು. ಬೆಳಕಿನಿಂದ ನಕ್ಷೆ ಮೂಡಿಸುವುದು, ರಾಸಾಯನಿಕದಿಂದ ಕೊರೆಯುವುದು, ಪದರದ ಮೇಲೆ ಪದರ ಹರಡುವುದು ಹೀಗೆ ನೂರಾರು ಹಂತಗಳನ್ನು ದಾಟಿ ಒಂದು ವೇಫರ್ ಹೊರಬರಲು ಸುಮಾರು ಮೂರು ತಿಂಗಳು ಬೇಕು. ಬಿಡುಗಡೆಯ ದಿನ ಅಂಗಡಿಗೆ ಬರುವ ಪ್ರೊಸೆಸರ್ ಎಷ್ಟು ಎಂಬುದು ತಿಂಗಳುಗಳ ಹಿಂದೆಯೇ ತೀರ್ಮಾನವಾಗಿರುತ್ತದೆ. ಜನ ಎಣಿಸಿದ್ದಕ್ಕಿಂತ ಹೆಚ್ಚು ಕೊಂಡರೆ ಮರುದಿನವೇ ಹೆಚ್ಚು ತಯಾರಿಸಲು ಬರುವುದಿಲ್ಲ. ಹೊಸ ಕಾರ್ಖಾನೆ ಕಟ್ಟಿಯೇ ಪೂರೈಸಬೇಕೆಂದರೆ ವರ್ಷಗಳು ಹಿಡಿಯುತ್ತವೆ, ಖರ್ಚು ಸಾವಿರಾರು ಕೋಟಿ ರೂಪಾಯಿ ದಾಟುತ್ತದೆ.

ತಯಾರಾದುದೆಲ್ಲ ಮಾರಾಟಕ್ಕೆ ಯೋಗ್ಯವೂ ಆಗಿರುವುದಿಲ್ಲ. 100 ಚದರ ಮಿಲಿಮೀಟರ್ ಗಾತ್ರದ ಚಿಪ್ ಆದರೆ ಒಂದು ವೇಫರಿನಲ್ಲಿ ಹೆಚ್ಚೂಕಡಿಮೆ 600 ಹಿಡಿಯುತ್ತವೆ. 200 ಚದರ ಮಿಲಿಮೀಟರಿನದಾದರೆ ಸುಮಾರು 300. ವೇಫರಿನ ಮೇಲೆ ಬೇರೆ ಬೇರೆ ಕಡೆ 100 ದೋಷಗಳು ಬಿದ್ದಿವೆ ಎಂದುಕೊಂಡರೆ, ಸಣ್ಣ ಚಿಪ್‌ಗಳಲ್ಲಿ ಹೆಚ್ಚೆಂದರೆ ಆರರಲ್ಲಿ ಒಂದು ಕೆಡುತ್ತದೆ. ದೊಡ್ಡವುಗಳಲ್ಲಿ ಮೂರರಲ್ಲಿ ಒಂದರವರೆಗೆ ಕೆಡಬಹುದು. ತಂತ್ರ ಹೊಸದಾಗಿದ್ದಾಗ ದೋಷ ಹೆಚ್ಚು, ಕೈ ಪಳಗಿದಂತೆ ಕಡಿಮೆ. ಬಿಡುಗಡೆಯ ಹೊತ್ತಿಗೆ ತಂತ್ರ ಇನ್ನೂ ಎಳೆಯದಾಗಿರುವುದರಿಂದ ಒಳ್ಳೆಯ ಚಿಪ್‌ಗಳ ಸಂಖ್ಯೆ ಆಗಲೇ ಅತಿ ಕಡಿಮೆ, ಬೇಡಿಕೆ ಆಗಲೇ ಅತಿ ಹೆಚ್ಚು.

ಇದರ ಮೇಲೆ ದರ್ಜೆಯ ಪ್ರಶ್ನೆ ಬರುತ್ತದೆ. ಒಂದೇ ಹೊಲದ ತೊಗರಿಗೂ ಎಪಿಎಂಸಿಯಲ್ಲಿ ಕಾಳು ನೋಡಿ ಬೇರೆ ಬೇರೆ ದರ ಕಟ್ಟುವಂತೆ, ಒಂದೇ ವೇಫರಿನ ಚಿಪ್‌ಗಳನ್ನೂ ಪರೀಕ್ಷಿಸಿ ವಿಂಗಡಿಸುತ್ತಾರೆ. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ವೇಗ ಕೊಡುವವು ದುಬಾರಿ ಮಾದರಿಗಳಾಗುತ್ತವೆ. ಲೆಕ್ಕ ಮಾಡುವ ಘಟಕಗಳಾದ ಎಂಟು ಕೋರ್‌ಗಳಲ್ಲಿ ಒಂದೆರಡು ಕೆಟ್ಟಿದ್ದರೆ ಅವನ್ನು ಮುಚ್ಚಿ ಆರು ಕೋರಿನ ಅಗ್ಗದ ಮಾದರಿಯೆಂದು ಮಾರುತ್ತಾರೆ. ಮೊದಲ ದರ್ಜೆಯ ಚಿಪ್ ಎಷ್ಟು ಹೊರಬಿತ್ತೋ ಅಷ್ಟೇ, ಬೇಕೆಂದು ಹೆಚ್ಚಿಸಲಾಗದು. ಹೆಸರುವಾಸಿಯಾದ ಮೇಲ್ದರ್ಜೆಯ ಮಾದರಿಯೇ ಮೊದಲು ಖಾಲಿಯಾಗುವುದಕ್ಕೆ ಇದು ಮುಖ್ಯ ಕಾರಣ.

ಕಾಲು ಶತಮಾನದ ಕೊರತೆಗಳು

2000ನೇ ಇಸವಿಯ ಮಾರ್ಚ್ 6ರಂದು ಎಎಂಡಿ ಕಂಪನಿ ಒಂದು ಗಿಗಾಹರ್ಟ್ಸ್ ವೇಗದ ಅಥ್ಲಾನ್ ಪ್ರೊಸೆಸರ್ ಪ್ರಕಟಿಸಿತು. ಎರಡೇ ದಿನದಲ್ಲಿ, ಮಾರ್ಚ್ 8ರಂದು, ಪ್ರತಿಸ್ಪರ್ಧಿ ಇಂಟೆಲ್ ಅದೇ ವೇಗದ ಪೆಂಟಿಯಂ-3 ಪ್ರಕಟಿಸಿತಾದರೂ ಅಂಗಡಿಗಳಲ್ಲಿ ಅದು ತಿಂಗಳುಗಟ್ಟಲೆ ಅಪರೂಪವಾಗಿತ್ತು. ಪೈಪೋಟಿಯ ಒತ್ತಡದಲ್ಲಿ ಮಾಲು ಸಿದ್ಧವಾಗುವ ಮೊದಲೇ ಘೋಷಣೆ ಮಾಡುವ ಚಾಳಿಗೆ ಇದು ಒಳ್ಳೆಯ ಉದಾಹರಣೆ. ಅದೇ ವರ್ಷ ಆತುರದಿಂದ ಹೊರತಂದ 1.13 ಗಿಗಾಹರ್ಟ್ಸ್ ಮಾದರಿಯನ್ನು ಇಂಟೆಲ್ ಆಗಸ್ಟ್‌ನಲ್ಲಿ ಹಿಂದಕ್ಕೆ ಪಡೆಯಬೇಕಾಯಿತು.

2017ರಿಂದ 2019ರವರೆಗಿನ ಕೊರತೆಯ ಕಥೆ ಬೇರೆ. ಇಂಟೆಲ್‌ನ 10 ನ್ಯಾನೊಮೀಟರ್ ತಂತ್ರ (ಈ ಅಂಕಿ ಚಿಕ್ಕದಾದಷ್ಟೂ ತಂತ್ರ ಹೊಸದು) ವರ್ಷಗಟ್ಟಲೆ ತಡವಾಗಿ, ಹೆಚ್ಚಿನ ಚಿಪ್‌ಗಳೆಲ್ಲ ಹಳೆಯ 14 ನ್ಯಾನೊಮೀಟರ್ ಸಾಲಿನಲ್ಲೇ ತಯಾರಾಗಬೇಕಾಯಿತು. ಅದೇ ಹೊತ್ತಿಗೆ ಪೈಪೋಟಿಗಾಗಿ ನಾಲ್ಕು ಕೋರಿನ ಜಾಗದಲ್ಲಿ ಆರು ಕೋರ್ ಬಂದವು. ಚಿಪ್ ದೊಡ್ಡದಾದಂತೆ ಒಂದು ವೇಫರಿಗೆ ಸಿಗುವ ಸಂಖ್ಯೆ ಇಳಿಯಿತು. 2017ರ ಅಕ್ಟೋಬರಿನಲ್ಲಿ ಬಂದ ಕೋರ್ ಐ7-8700ಕೆ ಆ ವರ್ಷದ ಕೊನೆಯವರೆಗೂ ಸುಲಭಕ್ಕೆ ಸಿಗಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ಕಂಪನಿಯ ಹಂಗಾಮಿ ಮುಖ್ಯಸ್ಥ ಬಾಬ್ ಸ್ವಾನ್ ಬಹಿರಂಗ ಪತ್ರ ಬರೆದು ತಯಾರಿಕೆ ಹೆಚ್ಚಿಸಲು ನೂರು ಕೋಟಿ ಡಾಲರ್ ಹೆಚ್ಚುವರಿಯಾಗಿ ಹೂಡುವುದಾಗಿ ತಿಳಿಸಿದರು. ಸರ್ವರ್‌ಗಳ ಜಿಯಾನ್ ಮತ್ತು ದುಬಾರಿ ಕೋರ್ ಮಾದರಿಗಳಿಗೆ ಆದ್ಯತೆ, ಆರಂಭಿಕ ಬೆಲೆಯ ಕಂಪ್ಯೂಟರುಗಳ ವರ್ಗದಲ್ಲಿ ಬಿಗಿ ಪೂರೈಕೆ ಎಂಬುದೂ ಆ ಪತ್ರದಲ್ಲಿತ್ತು. ಸಣ್ಣ ಊರುಗಳಲ್ಲಿ ಹೆಚ್ಚು ಓಡುವುದು ಆ ವರ್ಗದ ಯಂತ್ರಗಳೇ. ಕೊರತೆ ಬಂದಾಗ ಲಾಭ ಹೆಚ್ಚಿರುವ ಮಾಲು ಮುಂದೆ, ಬಡ ಗಿರಾಕಿಯ ಮಾಲು ಹಿಂದೆ ಎಂಬ ನಿಯಮ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಎಎಂಡಿಗೆ ಸ್ವಂತ ಕಾರ್ಖಾನೆಯಿಲ್ಲ. ಅದರ ಮುಖ್ಯ ಚಿಪ್‌ಗಳನ್ನು ತಯಾರಿಸುವುದು ತೈವಾನಿನ ಟಿಎಸ್‌ಎಂಸಿ. 2019ರ ಜುಲೈ 7ರಂದು ಬಂದ ರೈಜೆನ್ 9 3900ಎಕ್ಸ್ ತಿಂಗಳುಗಟ್ಟಲೆ ಕೈಗೆ ಸಿಗಲಿಲ್ಲ. ಸೆಪ್ಟೆಂಬರಿನಲ್ಲಿ ಬರಬೇಕಿದ್ದ 3950ಎಕ್ಸ್ ನವೆಂಬರ್ 25ಕ್ಕೆ ಮುಂದಕ್ಕೆ ಹೋಯಿತು. 2020ರ ನವೆಂಬರ್ 5ರಂದು ರೈಜೆನ್ 5000 ಸರಣಿ ಬಂದಾಗ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. ಅದೇ ತಿಂಗಳು ಹೊರಬಂದ ಗೇಮ್ ಯಂತ್ರಗಳಾದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗಳ ಚಿಪ್‌ಗಳೂ ಟಿಎಸ್‌ಎಂಸಿಯ ಅದೇ 7 ನ್ಯಾನೊಮೀಟರ್ ತಂತ್ರದಲ್ಲೇ ತಯಾರಾಗುತ್ತಿದ್ದವು. ಕೋವಿಡ್ ಕಾಲದ ಆನ್‌ಲೈನ್ ತರಗತಿ, ಮನೆಯಿಂದ ಕೆಲಸ, ನವೆಂಬರ್ 14ರ ದೀಪಾವಳಿಯ ಖರೀದಿ ಎಲ್ಲವೂ ಒಟ್ಟಿಗೆ ಬಂದವು.

ಆ ಕೊರತೆಯಲ್ಲಿ ಸಿಲಿಕಾನ್ ಅಲ್ಲದ ವಸ್ತುವಿಗೂ ಪಾಲಿತ್ತು. ಪ್ರೊಸೆಸರಿನ ಅಡಿಯಲ್ಲಿರುವ ಹಸಿರು ತಳಹದಿಯಲ್ಲಿ ತಂತಿಗಳ ಪದರಗಳ ನಡುವೆ ವಿದ್ಯುತ್ ಹರಿಯಗೊಡದ ತೆಳು ಪೊರೆ ಇರುತ್ತದೆ. ಅದನ್ನು ತಯಾರಿಸುವ ಪ್ರಮುಖ ಕಂಪನಿ ಜಪಾನಿನ ಅಜಿನೊಮೊಟೊ; ಗೋಬಿ ಮಂಚೂರಿಯ ಗಾಡಿಯಲ್ಲಿ ಬಳಸುವ ಟೇಸ್ಟಿಂಗ್ ಪೌಡರಿಗೆ ಹೆಸರು ಕೊಟ್ಟದ್ದೂ ಅದೇ ಕಂಪನಿ. ಈ ಪೊರೆ ಬಳಸಿ ಮಾಡುವ ತಳಹದಿಗಳು 2021ರಲ್ಲಿ ಸಾಲದೆ ಬಂದಾಗ, ಚಿಪ್ ಸಿದ್ಧವಾಗಿದ್ದರೂ ಪ್ರೊಸೆಸರ್ ಸಿದ್ಧವಾಗಲಿಲ್ಲ. ಅದೇ ವರ್ಷ ಕಾರುಗಳಿಗೂ ಚಿಪ್ ಸಿಗದೆ, ಸೆಪ್ಟೆಂಬರಿನ ಉತ್ಪಾದನೆ ಮಾಮೂಲಿನ ಸುಮಾರು ಶೇ 40ಕ್ಕೆ ಇಳಿಯಬಹುದೆಂದು ಮಾರುತಿ ಸುಜುಕಿ ಮುಂಚಿತವಾಗಿಯೇ ತಿಳಿಸಿತು. 2024ರ ನವೆಂಬರ್ 7ರಂದು ಬಂದ ರೈಜೆನ್ 7 9800ಎಕ್ಸ್3ಡಿ ಕೂಡ ಮೊದಲ ವಾರಗಳಲ್ಲಿ ಹಲವೆಡೆ ಸ್ಟಾಕ್ ಇಲ್ಲದಂತಾಯಿತು.

ಹುಮನಾಬಾದಿನ ತನಕದ ದಾರಿ

ಕಾರ್ಖಾನೆಯಿಂದ ಹೊರಬಂದ ಪ್ರೊಸೆಸರಿನ ದೊಡ್ಡ ಪಾಲು ಲ್ಯಾಪ್‌ಟಾಪ್ ಮತ್ತು ಸಿದ್ಧ ಕಂಪ್ಯೂಟರ್ ತಯಾರಿಸುವ ಡೆಲ್, ಎಚ್‌ಪಿ, ಲೆನೊವೊಗಳಂಥ ಕಂಪನಿಗಳಿಗೆ ಹೋಗುತ್ತದೆ. ಬಿಡಿಯಾಗಿ ಡಬ್ಬಿಯಲ್ಲಿ ಮಾರಾಟವಾಗುವ ಪಾಲು ಮೊದಲು ದೇಶದ ವಿತರಕರಿಗೆ, ಅಲ್ಲಿಂದ ಮಹಾನಗರಗಳ ಸಗಟು ಮಾರುಕಟ್ಟೆಗೆ ತಲುಪುತ್ತದೆ. ಕರ್ನಾಟಕದ ಹೆಸರಾಂತ ಮಾರುಕಟ್ಟೆ ಬೆಂಗಳೂರಿನ ಎಸ್.ಪಿ. ರಸ್ತೆ. ಆದರೆ ಹುಮನಾಬಾದಿನಿಂದ ಬೆಂಗಳೂರು 600 ಕಿಲೋಮೀಟರಿಗೂ ದೂರ. ಪುಣೆ-ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ 65 ಮತ್ತು ಬೀದರ್-ಕಲಬುರಗಿ ಕಡೆಯ ಹೆದ್ದಾರಿ 50 ಸೇರುವುದು ಹುಮನಾಬಾದಿನಲ್ಲೇ. ಬಸವಕಲ್ಯಾಣವೂ 65ರ ಪಕ್ಕಕ್ಕೇ ಇದೆ. ಈ ದಾರಿಯಲ್ಲಿ ಹತ್ತಿರ ಸಿಗುವ ದೊಡ್ಡ ಕಂಪ್ಯೂಟರ್ ಮಾರುಕಟ್ಟೆ ಹೈದರಾಬಾದಿನ ಜೋಡಿನಗರ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್.

ಹಂತ ಹೆಚ್ಚಿದಂತೆ ಕಾಯುವಿಕೆಯೂ ಹೆಚ್ಚುತ್ತದೆ. ಮಹಾನಗರದ ಬೇಡಿಕೆ ತೀರಿದ ಮೇಲೆ ಉಳಿದ ಮಾಲು ಜಿಲ್ಲೆಗಳತ್ತ ಹೊರಡುತ್ತದೆ. ಹೊಸದು ಬರುತ್ತದೆಂದು ಗೊತ್ತಾದ ಕೂಡಲೇ ಬೆಲೆ ಇಳಿಯುವ ಭಯಕ್ಕೆ ವ್ಯಾಪಾರಿಗಳು ಹಳೆಯ ಮಾದರಿ ತರಿಸುವುದನ್ನೂ ನಿಲ್ಲಿಸುತ್ತಾರೆ. ಕಂಪನಿಯೂ ಹಳೆಯದರ ತಯಾರಿಕೆ ತಗ್ಗಿಸುತ್ತದೆ. ಆ ಕೆಲವು ವಾರ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬ ಸ್ಥಿತಿ ಬರುತ್ತದೆ.

ಹೀಗೆ ಮಾಲಿಗೆ ಕಾಯುವ ಕರ್ನಾಟಕ ಚಿಪ್ ವಿನ್ಯಾಸದಲ್ಲಿ ಹಿಂದಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂತು. 190 ಕೋಟಿ ಟ್ರಾನ್ಸಿಸ್ಟರ್‌ಗಳ, ಆರು ಕೋರಿನ ಇಂಟೆಲ್ ಜಿಯಾನ್ 7400 ಬೆಂಗಳೂರಿನಲ್ಲೇ ವಿನ್ಯಾಸಗೊಂಡು 2008ರಲ್ಲಿ ಹೊರಬಂತು. 2023ರ ನವೆಂಬರಿನಲ್ಲಿ ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ಅಲ್ಲೇ ತೆರೆಯಿತು. ಆದರೂ ಈ ಪ್ರೊಸೆಸರುಗಳು ತಯಾರಾಗುವುದು ಹೊರದೇಶಗಳಲ್ಲಿ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಯೋಜನೆಗೆ ಒಪ್ಪಿಗೆ ನೀಡಿತು. ಅದರಡಿ ಗುಜರಾತಿನ ಧೋಲೇರಾದಲ್ಲಿ ಟಾಟಾ ಕಟ್ಟುತ್ತಿರುವ ಕಾರ್ಖಾನೆಯದು 28 ನ್ಯಾನೊಮೀಟರ್ ಮತ್ತು ಅದಕ್ಕೂ ಹಿಂದಿನ ತಂತ್ರ. ಕಾರು, ಉಪಕರಣಗಳ ಚಿಪ್‌ಗೆ ಅದು ಸಾಕು. ಇತ್ತೀಚಿನ ಕಂಪ್ಯೂಟರ್ ಪ್ರೊಸೆಸರಿಗೆ ಸಾಲದು.

ಕೊಳ್ಳುವವರು ತಿಳಿದಿರಬೇಕಾದದ್ದು

ಬಿಡುಗಡೆಯಾದ ಎರಡು-ಮೂರು ತಿಂಗಳಲ್ಲಿ ಪೂರೈಕೆ ಸಾಮಾನ್ಯವಾಗಿ ಹದಕ್ಕೆ ಬರುತ್ತದೆ. ಟ್ಯಾಲಿ ಲೆಕ್ಕ, ಅರ್ಜಿ-ಪ್ರಮಾಣಪತ್ರದ ಕೆಲಸ, ಪುಟವಿನ್ಯಾಸಕ್ಕೆ ಒಂದು ಪೀಳಿಗೆ ಹಿಂದಿನ ಪ್ರೊಸೆಸರ್ ಧಾರಾಳವಾಗಿ ಸಾಕು. ಹೊಸ ಪ್ರೊಸೆಸರಿಗೆ ಹಲವು ಬಾರಿ ಹೊಸ ಮದರ್‌ಬೋರ್ಡ್, ಹೊಸ ರ‍್ಯಾಮ್ ಕೂಡ ಬೇಕಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬಂದ ರೈಜೆನ್ 7000 ಸರಣಿಗೆ ಡಿಡಿಆರ್5 ರ‍್ಯಾಮ್ ಕಡ್ಡಾಯವಾಯಿತು. ಬೆಲೆ ಹೋಲಿಸುವಾಗ ಮೂರನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಕೊರತೆಯ ಕಾಲದಲ್ಲಿ ಡಬ್ಬಿಯ ಮೇಲೆ ಮುದ್ರಿಸಿದ ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ಕೇಳುವುದು ಕಾನೂನಿಗೆ ವಿರುದ್ಧ. ಮದರ್‌ಬೋರ್ಡ್ ಕೊಂಡರೆ ಮಾತ್ರ ಪ್ರೊಸೆಸರ್ ಕೊಡುತ್ತೇವೆ ಎಂಬಂಥ ಷರತ್ತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಗುರುತಿಸುತ್ತದೆ. ಡಬ್ಬಿಯಿಲ್ಲದ ಬಿಡಿ ಪ್ರೊಸೆಸರ್ ಅಗ್ಗಕ್ಕೆ ಸಿಕ್ಕರೂ ಕಂಪನಿಯ ಮೂರು ವರ್ಷದ ವಾರಂಟಿ ಅದಕ್ಕೆ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಜಿಎಸ್‌ಟಿ ಬಿಲ್ ಇಟ್ಟುಕೊಂಡವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಬೀದರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರನ್ನೂ ಕೊಡಬಹುದು. ಕಾರ್ಖಾನೆಯ ಮೂರು ತಿಂಗಳನ್ನು ಕೊಳ್ಳುವವರಾಗಲಿ ಮಾರುವವರಾಗಲಿ ಕಡಿಮೆ ಮಾಡಲಾರರು. ಆದರೆ ಅದನ್ನು ತಿಳಿದು ಕಾದವರಿಗೆ ಅದೇ ಮಾಲು ನ್ಯಾಯವಾದ ಬೆಲೆಗೆ, ವಾರಂಟಿ ಸಮೇತ ಸಿಗುತ್ತದೆ.